ಇವತ್ತೇನಮ್ಮ ಅಡುಗೆ?

ನಾಗರತ್ನ ಮೇಡಂ ಯಾರ ಮನೆಗೆ ಹೋದರೂ ಜಗಲಿಯಲ್ಲಿ ಹಾಕಿದ ಕುರ್ಚಿಯಲ್ಲಿ ಕೂತವರಲ್ಲ. ಚಪ್ಪಲಿ ಬಿಟ್ಟವರೇ ಸೀದಾ ಅಡುಗೆಮನೆಗೆ. "ಇವತ್ತೇನಮ್ಮ ಅಡುಗೆ?" ಎಂಬುದೇ ಅವರ ಮೊದಲ ಪ್ರಶ್ನೆ. ಸರ್ಕಾರ ತಂದ ಹೊಸ ಯೋಜನೆಗಳಿಂದ ಜನರ ಬದುಕು ನಿಜವಾಗಿ ಬದಲಾಯಿತೇ ಎಂದು ನೋಡಿ ವರದಿ ಬರೆಯುವುದು ಅವರ ಕೆಲಸ. ನಾನು ಅವರ ಕೈಕೆಳಗೆ ಫಾರಂ ತುಂಬುತ್ತಿದ್ದವನು. ಅಡುಗೆಗೂ ವರದಿಗೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ಒಳಗೊಳಗೇ ನಗುತ್ತಿದ್ದೆ.

ಹೊಗೆ ಕಡಿಮೆ, ಸೌದೆ ಉಳಿತಾಯ ಎಂದು ಬೇಲೂರು, ಅರಸೀಕೆರೆ ಎರಡೂ ತಾಲ್ಲೂಕುಗಳಿಗೆ ತಗಡಿನ ಹೊಸ ಒಲೆ ಹಂಚಿದ್ದರು. ಬೇಲೂರಿನ ಅರೇಹಳ್ಳಿ ಕಡೆಯ ಹೆಂಗಸರು ಅದನ್ನು ಹೊಗಳಿದ್ದೇ ಹೊಗಳಿದ್ದು. ಅರಸೀಕೆರೆಯ ಗಂಡಸಿ ಊರಿನ ಕಡೆಯೂ ನಾನು ಮನೆಮನೆಗೆ ಹೋಗಿ "ಒಲೆ ಉರೀತೈತಾ?" ಎಂದು ಕೇಳಿದೆ. ಎಲ್ಲರೂ ಹೂಂ ಎಂದರು. "ಬಳಕೆಯಲ್ಲಿದೆ" ಎಂದು ಬರೆದು ಫಾರಂ ಕಟ್ಟಿಟ್ಟೆ.

ಮೇಡಂ ಫಾರಂ ನೋಡಲಿಲ್ಲ. ಜಯಮ್ಮ ಎಂಬಾಕೆಯ ಮನೆಗೆ ಹೋಗಿ, "ನಮಗೂ ಹಿಟ್ಟು ಮಾಡಮ್ಮ, ಹೊಸ ಒಲೇಲೇ" ಎಂದರು. ಹಿಟ್ಟೆಂದರೆ ಅಲ್ಲಿ ರಾಗಿಮುದ್ದೆ. ಕೋಲು ಹಾಕಿ, ಮೈಭಾರವೆಲ್ಲ ಬಿಟ್ಟು ತೊಳಸಬೇಕು. ಎರಡು ಸುತ್ತು ತೊಳಸುವಷ್ಟರಲ್ಲಿ ಪಾತ್ರೆ ಸಮೇತ ಒಲೆ ವಾಲಿತು. ಮೇಡಂ ಸೆರಗಿನಿಂದಲೇ ಪಾತ್ರೆ ಹಿಡಿದುಕೊಂಡರು.

"ಟೀ ಕಾಯಿಸ್ಕತೀವಿ ಕಣ್ರವ್ವ, ಇಲ್ಲ ಅನ್ನಂಗಿಲ್ಲ. ಹಿಟ್ಟಿಗೆ ಹಳೇ ಒಲೇನೇ ಆಗ್ಬೇಕು" ಎಂದು ಜಯಮ್ಮ ಕೆಮ್ಮಿದಳು. ಗೋಡೆಯೆಲ್ಲ ಮಸಿ ಹಿಡಿದಿತ್ತು.

ಹೊರಗೆ ಬಂದದ್ದೇ ನನಗೆ ಮಂಗಳಾರತಿ. "ಅರೇಹಳ್ಳಿಯೋರು ಅನ್ನ ಉಣ್ತಾರೆ ಕಣಯ್ಯ, ಇವರು ಮುದ್ದೆ ಉಣ್ತಾರೆ. ನೀನೇನು ಗಾಳಿ ಕುಡ್ಕೊಂಡು ಬದುಕ್ತೀಯಾ?" ನಾನೂ ಮುದ್ದೆ ತಿಂದೇ ಬೆಳೆದವನು, ನಾಚಿಕೆಯಾಯಿತು.

ಮೇಲಿನವರಿಗೆ ಬೇಕಿದ್ದುದು ಒಂದೇ ಮಾತು: ಯೋಜನೆ ಗೆದ್ದಿತೇ, ಸೋತಿತೇ? "ಸೋತಿತು ಅಂದ್ರೆ ಅರೇಹಳ್ಳಿಗೂ ನಿಲ್ಲಿಸ್ತಾರೆ. ಗೆದ್ದಿತು ಅಂದ್ರೆ ಜಯಮ್ಮ ಹೊಗೆ ಕುಡ್ಕೊಂಡೇ ಇರ್ತಾಳೆ" ಎನ್ನುತ್ತಾ ಮೇಡಂ ಎರಡು ಊರಿಗೆ ಎರಡು ತೀರ್ಪು ಬರೆದರು. ಗಂಡಸಿಗೆ ಬುಡ ಭಾರವಿರುವ ಒಲೆ ಕೊಡಿ ಎಂದು ತಾವೇ ಚಿತ್ರ ಬಿಡಿಸಿ ಲಗತ್ತಿಸಿದರು. ವರದಿ ಮೂರು ಸಲ ವಾಪಸ್ ಬಂತು. ಮೂರು ಸಲವೂ ಒಂದಕ್ಷರ ತಿದ್ದದೆ ಕಳಿಸಿದರು. ಆ ಹಟ ಕಂಡು ನನಗೆ ಭಯವೂ ಆಯಿತು, ಅವರ ಮೇಲೆ ಪ್ರೀತಿಯೂ ಹುಟ್ಟಿತು.

ಕೊನೆಗೂ ಗಂಡಸಿಗೆ ಬಂದ ಭಾರದ ಒಲೆ ನೋಡಲು ಮೊನ್ನೆ ಒಬ್ಬನೇ ಹೋಗಿದ್ದೆ. ಜಯಮ್ಮ ಸೊಂಟ ಬಗ್ಗಿಸಿ ಹಿಟ್ಟು ತೊಳಸಿದಳು; ಒಲೆ ಅಲುಗಲಿಲ್ಲ. ಮುದ್ದೆ ಕಟ್ಟುತ್ತಾ, "ಮೇಡಮ್ಮೋರು ಎಲ್ಲಿ? ಅವ್ರನ್ನೂ ಸೇರಿಸ್ಕಂಡೇ ಎಸರಿಟ್ಟಿವ್ನಿ" ಎಂದಳು.

"ಹೋದ ವರ್ಷ ತೀರಿಕೊಂಡ್ರಮ್ಮ" ಎಂದೆ.

ಅವಳು ಕೈಲಿದ್ದ ಮುದ್ದೆ ತಟ್ಟೆಗಿಟ್ಟಳು. "ಅಯ್ಯೋ, ಈ ಒಲೆ ನೋಡ್ದಂಗೇ ಹೋಗ್ಬುಟ್ರಲ್ಲ."