ಬೇವಿನ ಗಿಡ ಮತ್ತು ಅತ್ತೆಯ ಹೆಸರಿನ ಕಟ್ಟೆ

ಎರಡು ವರ್ಷದ ಹಿಂದಿನ ಡಿಸೆಂಬರ್. ನಾನು ನಿಪ್ಪಾಣಿ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಇದು ಮಕ್ಕಳಿಗೂ ಗೊತ್ತು, ಮನೆಯವರಿಗೂ ಗೊತ್ತು.

ಶಾಲೆಯ ಅಂಗಳದ ಬೇವಿನ ಗಿಡ ಒಣಗತೊಡಗಿತ್ತು. ಟೊಂಗೆ ಮುರಿದು ಮಕ್ಕಳ ಮೇಲೆ ಬಿದ್ದೀತೆಂದು ಹೆಡ್‌ಮಾಸ್ತರರು ಶನಿವಾರ ಅದನ್ನು ಕಡಿಸುವವರಿದ್ದರು. ಹೇಗೂ ಹೋಗುವ ಗಿಡ, ಒಂದು ಪಾಠವಾದರೂ ಆಗಲಿ ಎಂದು ಗುರುವಾರ ಏಳನೆಯ ತರಗತಿಯನ್ನು ಹೊರಗೆ ಕರೆತಂದೆ. ಎಲೆಯ ಬಣ್ಣ, ತೊಗಟೆಯ ಬಿರುಕು, ಹುಳ ಎಲ್ಲ ನೋಡಿ, ಗಿಡದ ಆರೋಗ್ಯ ಹೇಗಿದೆ ಎಂದು ಎಲ್ಲರೂ ಸೇರಿ ಒಂದೇ ಹಾಳೆಯಲ್ಲಿ ಬರೆಯಬೇಕು. ರೋಗದ ಕಾರಣವನ್ನು ಮಾತ್ರ ನಾನೇ ಮೊದಲು ಹೇಳಿ ಬರೆಸಿಬಿಟ್ಟಿದ್ದೆ: ಗೆದ್ದಲು.

ಎಷ್ಟು ಹುಡುಕಿದರೂ ಗೆದ್ದಲು ಸಿಗಲಿಲ್ಲ. ಕುರಿ ಕಾಯುವವರ ಮನೆಯ ಮಾಯಕ್ಕ, ಎಂದೂ ಬಾಯಿ ಬಿಡದ ಹುಡುಗಿ, ಗಿಡದ ಸುತ್ತಲಿನ ಕಟ್ಟೆಯ ಮೇಲೆ ಕೂತು ಸಿಮೆಂಟಿಗೂ ಬೊಡ್ಡೆಗೂ ನಡುವೆ ಬೆರಳು ತೂರಿಸಲು ನೋಡುತ್ತಿದ್ದಳು. ಬೆರಳು ಹೋಗಲಿಲ್ಲ.

"ಅಕ್ಕೋರ, ಮರಿಗೆ ಕಟ್ಟಿದ ಹಗ್ಗ ಸಡಲ ಮಾಡೂದು ಮರತ್ರ ಹಿಂಗ ಆಕ್ಕೈತ್ರಿ. ಕೊರಳು ಬೆಳಿತೈತಿ, ಹಗ್ಗ ಬೆಳಿಯೂದಿಲ್ಲ," ಅಂದಳು.

ಸುಮ್ಮನೆ ಕೂಡು ಎಂದು ಗದರಿಸಿದೆ. ಯಾಕೆಂದರೆ ಆ ಕಟ್ಟೆ ಕಟ್ಟಿಸಿದವಳು ನಾನೇ. ಅದಕ್ಕೂ ಆರು ವರ್ಷ ಮೊದಲು, ತೀರಿಕೊಂಡ ಅತ್ತೆಯ ನೆನಪಿಗೆಂದು, ಬುಡಕ್ಕೆ ಒತ್ತಿ ಸಿಮೆಂಟು ಹಾಕಿಸಿ, ಕಲ್ಲಿನಲ್ಲಿ ಅವರ ಹೆಸರು ಕೆತ್ತಿಸಿದ್ದೆ. ಊರವರೆಲ್ಲ ಸೊಸೆ ಅಂದರೆ ಹೀಗಿರಬೇಕು ಎಂದು ಹೊಗಳಿದ್ದರು.

ಅವತ್ತು ನನಗೆ ಊಟ ಸೇರಲಿಲ್ಲ. ಹುಡುಗಿ ಹೇಳಿದ್ದು ಸುಳ್ಳಲ್ಲ. ಬುಡಕ್ಕೆ ಹನಿ ನೀರು ಇಳಿಯಲೂ ಜಾಗವಿರಲಿಲ್ಲ. ಅಳುಕುತ್ತಲೇ ಗಂಡನಿಗೆ ಎಲ್ಲ ಹೇಳಿದೆ. ಅವರು, "ಅವ್ವ ಇದ್ದಿದ್ರ ಕಟ್ಟಿ ಒಡಿಯಾಕ ತಾನ ಹಾರಿ ತಗೊಂಡು ಹೋಗ್ತಿದ್ಲು," ಅಂದರು.

ಮರುದಿನ ಹೆಡ್‌ಮಾಸ್ತರರ ಮುಂದೆ ತಪ್ಪು ಒಪ್ಪಿಕೊಂಡು, ಗಿಡವನ್ನು ಒಂದು ವರ್ಷ ಬಿಡಿರೆಂದು ಕೇಳಿದೆ. ಶನಿವಾರ ಬಂದ ಆಳುಗಳು ಒಣಟೊಂಗೆಗಳನ್ನಷ್ಟೇ ಕಡಿದು ಕಟ್ಟೆ ಒಡೆದರು. ಮಾಯಕ್ಕನಿಗೆ ಎಲ್ಲರೆದುರು ನಿನ್ನ ಮಾತೇ ಖರೆ ಅಂದೆ.

ಯುಗಾದಿ ಹೊತ್ತಿಗೆ ಗಿಡ ಚಿಗುರಿತು. ಆ ವರ್ಷ ನಮ್ಮ ಮನೆಯ ಬೇವು-ಬೆಲ್ಲಕ್ಕೆ ಅದರದೇ ಎಲೆ.

ಆ ಹಾಳೆ ಇನ್ನೂ ತರಗತಿಯ ಗೋಡೆಯ ಮೇಲಿದೆ. ಗೆದ್ದಲು ಎಂಬುದನ್ನು ಹೊಡೆದುಹಾಕಿ ಮಾಯಕ್ಕ ದುಂಡಗೆ ಬರೆದಿದ್ದಾಳೆ: "ಕಾರಣ: ಅಕ್ಕೋರು ಕಟ್ಟಿಸಿದ ಕಟ್ಟೆ." ಓದಿದಾಗಲೆಲ್ಲ ಈಗಲೂ ನಾಚಿಕೆಯಾಗುತ್ತದೆ. ಅದರ ಕೆಳಗೆ ಸಹಿ ಮಾಡಿದವಳೂ ನಾನೇ.