ನನ್ನ ಹಲ್ಲಿನ ಸೆಟ್ಟಿಗೆ ಬೀಗ ಹಾಕಿದವರು

ಎರಡು ವರ್ಷದ ಹಿಂದಿನ ಮಾತು. ನಮ್ಮಕ್ಕನ ಮೊಮ್ಮಗಳ ನಿಶ್ಚಿತಾರ್ಥಕ್ಕೆ ಇನ್ನು ನಾಲ್ಕೇ ದಿನವಿತ್ತು. ಅಷ್ಟರಲ್ಲಿ ನನ್ನ ಮೇಲಿನ ಹಲ್ಲಿನ ಸೆಟ್ಟು ಕೈಕೊಟ್ಟಿತು. ಹಾಕಿಕೊಂಡರೆ ಒಂದು ಕಡೆ ಎದ್ದು ನಿಲ್ಲುತ್ತಿತ್ತು, ಮಾತಾಡಿದರೆ ಜಾರುತ್ತಿತ್ತು. ನಮ್ಮ ಯಜಮಾನರದು ಅಕ್ಕಿಪೇಟೆಯಲ್ಲಿ ಬಣ್ಣ, ಮೊಳೆ ಮಾರುವ ಅಂಗಡಿ. ಅಲ್ಲಿಂದ ಒಂದು ಹಾಳೆ ಉಪ್ಪುಕಾಗದ ತರಿಸಿ, ಅಡುಗೆಮನೆಯಲ್ಲಿ ಕೂತು ಸೆಟ್ಟಿನ ಒಳಭಾಗವನ್ನು ನಾನೇ ಉಜ್ಜಿದೆ. ಉಜ್ಜಿದ ಮೇಲೆ ಇನ್ನೂ ಕೆಟ್ಟಿತು.

ಕೆಡಿಸಿದ್ದು ನಾನು, ಸಿಟ್ಟು ಬಂದದ್ದು ಮಾತ್ರ ಸೆಟ್ಟು ಮಾಡಿದವರ ಮೇಲೆ. ಚಾಮರಾಜಪೇಟೆಯ ಒಂದು ಮಹಡಿ ಕೋಣೆಯಲ್ಲಿ ನಂಜುಂಡಪ್ಪ ಎಂಬುವರು ದಂತವೈದ್ಯರು ಕಳಿಸಿದ ಅಳತೆಗೆ ಹಲ್ಲು ಕಟ್ಟಿಕೊಡುತ್ತಾರೆ. ನನ್ನ ಡಾಕ್ಟರು ಕ್ಲಿನಿಕ್ ಮುಚ್ಚಿದ್ದರಿಂದ ನೇರವಾಗಿ ಇವರ ಹತ್ತಿರವೇ ಹೋಗಿ, ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ ಶುರುಮಾಡಿದೆ.

"ಏನ್ರೀ ನಂಜುಂಡಪ್ಪ, ಇದೂ ಒಂದು ಕೆಲ್ಸಾನಾ? ಎರಡೇ ವರ್ಷಕ್ಕೆ ಹಿಂಗಾದ್ರೆ ಹೆಂಗೆ?"

ಅವರು ಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದರು. "ಇದನ್ನ ಕೆರೆದೋರು ಯಾರು?"

"ನಾನೇ."

"ಕಿಟಕಿ ಕಂಬಿ ಉಜ್ಜಿದಂಗೆ ಉಜ್ಜಿದ್ದೀರಲ್ಲಮ್ಮ!"

ನಾನು ಬಿಡಲಿಲ್ಲ, ಬಾಯಿಗೆ ಬಂದದ್ದೆಲ್ಲ ಅಂದೆ. ನಮ್ಮ ಬೀದಿಯಲ್ಲಿ ನನಗೆ ಎದುರಾಡುವವರು ಯಾರೂ ಇಲ್ಲ. ಇವರು ಗೋಡೆಯ ಹಲಗೆಯಿಂದ ನನ್ನ ಹೆಸರು ಬರೆದಿದ್ದ ಹಳೆಯ ಪ್ಲಾಸ್ಟರ್ ಅಚ್ಚು ತೆಗೆದರು. ನನ್ನನ್ನು ಕೂರಿಸಿ, ಹೊಸದಾಗಿ ಅಳತೆ ತೆಗೆದು ಇನ್ನೊಂದು ಅಚ್ಚು ಮಾಡಿದರು. ಅದು ಗಟ್ಟಿಯಾಗುವವರೆಗೂ ನಾನು ಗೊಣಗುತ್ತಲೇ ಇದ್ದೆ.

ಎರಡನ್ನೂ ಪಕ್ಕಪಕ್ಕ ಇಟ್ಟು, "ಬೆರಳಾಡಿಸಿ ನೋಡಿ" ಅಂದರು. ಹಳೆಯದರಲ್ಲಿ ಅಂಗುಳು ನುಣ್ಣಗಿತ್ತು. ಹೊಸದರಲ್ಲಿ ಎಡಗಡೆ, ಹಿಂದೆ, ಹುಣಸೆಬೀಜದಷ್ಟು ಉಬ್ಬು.

"ನನ್ ಸೆಟ್ಟು ಸರಿಯಾಗೇ ಇತ್ತಮ್ಮ. ನಿಮ್ ಬಾಯಲ್ಲಿ ಏನೋ ಬೆಳೆದಿದೆ. ನೋವಿದ್ಯಾ?"

"ಒಂಚೂರೂ ಇಲ್ಲ. ನಿಶ್ಚಿತಾರ್ಥ ಮುಗೀಲಿ, ಡಾಕ್ಟರಿಗೆ ತೋರಿಸ್ತೀನಿ. ಈಗ ಆ ಉಬ್ಬಿಗೆ ಸರಿಯಾಗಿ ಸ್ವಲ್ಪ ಕೆರೆದುಕೊಡಿ."

"ಕೆರೆದ್ರೆ ಸೆಟ್ಟು ಕೂತ್ಕೊಳ್ಳುತ್ತೆ. ಅದು ಕೂತ್ರೆ ನೀವು ಡಾಕ್ಟರ ಹತ್ರ ಹೋಗಲ್ಲ" ಎಂದವರೇ ಸೆಟ್ಟನ್ನು ಮೇಜಿನ ಖಾನೆಗೆ ಹಾಕಿ ಬೀಗ ಹಾಕಿಬಿಟ್ಟರು! "ಡಾಕ್ಟರ ಚೀಟಿ ತನ್ನಿ, ಹಲ್ಲು ಕೊಡ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ಪೊಲೀಸರಿಗೆ ಹೇಳ್ತೀನಿ ಅಂದೆ. "ಹೇಳಿ" ಅಂದರು.

ಮಾರನೆಯ ದಿನ, ಬರೀ ಹಲ್ಲಿನ ಆಸೆಗೆ, ದಂತ ಆಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರಮ್ಮ ಅಂಗುಳನ್ನು ಒತ್ತಿ ನೋಡಿ, ಉಬ್ಬಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಗಾಯ ಮಾಯುವವರೆಗೆ ಸೆಟ್ಟು ಹಾಕಬಾರದೆಂದರು. ನಿಶ್ಚಿತಾರ್ಥಕ್ಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೋದೆ. ನಾಚಿಕೆಯಲ್ಲ, ಭಯ. ಕ್ಯಾನ್ಸರ್ ಎಂಬ ಮಾತನ್ನು ಯಾರೂ ಆಡಿರಲಿಲ್ಲ, ನನ್ನ ತಲೆಯಲ್ಲಿ ಮಾತ್ರ ಅದೊಂದೇ ಇತ್ತು. ಯಜಮಾನರು ಪಕ್ಕದಲ್ಲಿ ಕೂತು ಹೋಳಿಗೆಯನ್ನು ಹಾಲಿನಲ್ಲಿ ಕಿವುಚಿ ಕೊಟ್ಟರು. ಎರಡು ತುತ್ತೂ ಒಳಗೆ ಇಳಿಯಲಿಲ್ಲ.

ರಿಪೋರ್ಟ್ ಬಂದ ದಿನ ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡೇ ಹೇಳಿದರು: "ಕ್ಯಾನ್ಸರ್ ಅಲ್ಲಮ್ಮ. ಅಂಗುಳಲ್ಲಿ ಜೊಲ್ಲು ಸುರಿಸೋ ಸಣ್ಣ ಸಣ್ಣ ಗ್ರಂಥಿ ಇರ್ತವೆ. ಅದ್ರಲ್ಲಿ ಒಂದು ಗೆಡ್ಡೆ ಆಗಿದೆ. ಅಪರೂಪ. ಸಾಧುವಾಗೇ ಇದೆ, ಆದ್ರೆ ಬಿಟ್ರೆ ಬೆಳೀತಾ ಹೋಗುತ್ತೆ, ಒಂದೊಂದ್ಸಲ ಕೆಟ್ಟದಕ್ಕೂ ತಿರುಗುತ್ತೆ. ಪೂರ್ತಿ ತೆಗೆದುಬಿಡೋಣ. ಇದು ನೋಯಲ್ಲ, ಅದಕ್ಕೇ ಯಾರೂ ಬೇಗ ಬರಲ್ಲ. ನಿಮ್ಮನ್ನ ಕಳಿಸ್ದೋರು ಯಾವ ಡಾಕ್ಟರು?"

"ಡಾಕ್ಟರಲ್ಲಮ್ಮ, ಹಲ್ಲು ಕಟ್ಟೋರು" ಅಂದೆ. ನಡೆದದ್ದನ್ನೆಲ್ಲ ಕೇಳಿ ಅವರು ಬೆರಗಾದರು.

ಆಪರೇಷನ್ ಆಯಿತು. ಅಂಗುಳಿನ ಗಾಯ ಮುಚ್ಚಲು ಒಂದು ತೆಳು ತಟ್ಟೆ ಬೇಕಿತ್ತು. ಅದನ್ನೂ ನಂಜುಂಡಪ್ಪನವರೇ ಮಾಡಿ, ಆಸ್ಪತ್ರೆಗೆ ತಾವೇ ತಂದುಕೊಟ್ಟು, ಬಂದ ದಾರಿಯಲ್ಲೇ ಹೋದರಂತೆ. ಅವತ್ತು ಅವರು ನನ್ನ ಗಲಾಟೆಗೆ ಸೋತು, ಸ್ವಲ್ಪ ಕೆರೆದು ಕೊಟ್ಟಿದ್ದರೆ ನಾನು ಗೆದ್ದೆನೆಂದು ಖುಷಿಯಾಗಿ ಮನೆಗೆ ಬರುತ್ತಿದ್ದೆ. ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ.

ಗಾಯ ಮಾದ ಮೇಲೆ ಹೊಸ ಸೆಟ್ಟಿಗೆ ಹೋದೆ. ಅವರು ಅದನ್ನು ಬಾಯಿಗೆ ಕೂರಿಸಿದ ಮೇಲೆ, "ಅಷ್ಟು ಖಾತ್ರಿ ಹೆಂಗಿತ್ತು ನಿಮಗೆ?" ಎಂದು ಕೇಳಿದೆ.

"ಕಾಯಿಲೆ ವಿಷ್ಯ ನಂಗೇನ್ ಗೊತ್ತಮ್ಮ? ನಾನ್ ಮಾಡಿದ ಸೆಟ್ಟು ತಪ್ಪಿರ್ಲಿಲ್ಲ, ಅದು ಗೊತ್ತಿತ್ತು."

"ನೀವು ನನಗಿಂತ ಚಿಕ್ಕೋರು. ಇಲ್ದಿದ್ರೆ ಕಾಲಿಗೆ ಬೀಳ್ತಿದ್ದೆ."

"ಬಗ್ಗಬೇಡಿ, ಸೆಟ್ಟು ಉದುರುತ್ತೆ. ಇನ್ನೂ ಬಿಗಿ ನೋಡಿಲ್ಲ."

ನಗಬೇಕೆಂದು ಬಾಯಿ ತೆರೆದೆ. ರಿಪೋರ್ಟ್ ಬಂದ ದಿನವೂ, ಆಪರೇಷನ್ ದಿನವೂ ಅಳದವಳು, ಆ ಮನುಷ್ಯನ ಮುಂದೆ ಗಳಗಳನೆ ಅತ್ತುಬಿಟ್ಟೆ.