ಎರಡು ಜಾಡಿ, ಒಂದು ಲಾಡಿ

ಮೊನ್ನೆ ಭಾನುವಾರ ಮೆಲ್ಬರ್ನಿನಿಂದ ಬಂದ ಪರಿಚಯದವರೊಬ್ಬರು ಸಿಡ್ನಿಯ ಮಾರ್ಸ್ಡನ್ ಪಾರ್ಕಿನ ನಮ್ಮ ಮನೆ ಬಾಗಿಲಲ್ಲೇ ನಿಂತು, "ವಿಮಲಾ ಆಂಟಿ ಕಳಿಸಿದಾರೆ" ಎಂದು ಒಂದು ಪೊಟ್ಟಣ ಕೊಟ್ಟು ಹೋದರು. ಒಳಗಿದ್ದದ್ದು ನಿಂಬೆಕಾಯಿ ಉಪ್ಪಿನಕಾಯಿಯ ಬಾಟಲಿ. ಒಡೆಯದಿರಲಿ ಎಂದು ಅದರ ಮೈಗೆ ದಪ್ಪ ಬಟ್ಟೆಯ ಹಳೆಯ ಪಟ್ಟಿಯೊಂದನ್ನು ಬಿಗಿಯಾಗಿ ಸುತ್ತಿದ್ದರು. ನನ್ನ ಹೆಂಡತಿ ಸುಮಾ ಪಟ್ಟಿ ಬಿಚ್ಚಿ ಮುಚ್ಚಳ ತೆಗೆದಳು. ಇಂಗು, ಮೆಂತ್ಯದ ವಾಸನೆ ಅಡುಗೆಮನೆ ದಾಟಿ ನನ್ನ ಲ್ಯಾಪ್‌ಟಾಪಿನ ತನಕ ಬಂತು.

"ರೀ, ಈ ಹಳೇ ಲಾಡಿ ಬಿನ್‌ಗೆ ಹಾಕ್ಲಾ? ಎಣ್ಣೆ ಬೇರೆ ಆಗಿದೆ."

ನಾನು ಕೂಗಿಕೊಂಡ ರೀತಿಗೆ ಅವಳು ಬೆಚ್ಚಿಬಿದ್ದಳು. ಅದು ಲಾಡಿಯಲ್ಲ, ಕರಾಟೆಯ ಬ್ಲ್ಯಾಕ್ ಬೆಲ್ಟು. ಮೂವತ್ತು ವರ್ಷ ಕಟ್ಟಿ ಬಿಚ್ಚಿ, ಕಪ್ಪೆಲ್ಲ ಸವೆದು ಒಳಗಿನ ಬಿಳಿ ನೂಲು ಕಾಣುವಂತಾದ ಬೆಲ್ಟು, ಆಂಟಿಯ ಗಂಡ, ನನ್ನ ಗುರು ಶ್ರೀಕಂಠ ಅಂಕಲ್ ಅವರದು. ಅದನ್ನು ಆ ಮನುಷ್ಯ ಉಪ್ಪಿನಕಾಯಿ ಬಾಟಲಿಗೆ ಸುತ್ತಿ ಕಳಿಸಿದ್ದಾರೆ. ನನಗೆ ರೇಗದೆ ಇನ್ನೇನಾಗಬೇಕು, ನೀವೇ ಹೇಳಿ. ಅಥವಾ ಈಗಲೇ ಬೇಡ, ಮೊದಲು ಅವರ ಕಥೆ ಕೇಳಿ, ಆಮೇಲೆ ಹೇಳಿ.

ಅಂಕಲ್ ಮೈಸೂರಿನವರು, ಅರಿವಳಿಕೆ ಡಾಕ್ಟರು. ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿ ಮನೆ. ವಾರವೆಲ್ಲ ಜನರನ್ನು ಮಲಗಿಸುವುದು ಅವರ ಉದ್ಯೋಗವಾದರೆ, ಶನಿವಾರ ಬೆಳಗಿನ ಆರು ಗಂಟೆಗೆ ನಮ್ಮಂಥ ಏಳೆಂಟು ಜನರನ್ನು ಎಬ್ಬಿಸಿ ಗ್ಯಾರೇಜಿನಲ್ಲಿ ನಿಲ್ಲಿಸುವುದು ಅವರ ವ್ರತ. ಬೇರೆಯವರು ವಾರ್ಷಿಕ ರಜೆಯಲ್ಲಿ ಊರಿಗೆ, ಮದುವೆ ಮುಂಜಿಗೆ ಹೋಗುತ್ತಿದ್ದರೆ ಇವರು ಕರಾಟೆ ಕಲಿಯಲು ಜಪಾನಿನ ಒಕಿನಾವಾ ದ್ವೀಪಕ್ಕೆ ಹೋಗುತ್ತಿದ್ದರು. ಅಲ್ಲಿ ಅವರ ಗುರುಗಳು ಒಬ್ಬ ಬಸ್ ಡ್ರೈವರ್. ಹಗಲೆಲ್ಲ ಬಸ್ಸು ಓಡಿಸಿ, ಸಂಜೆ ಮನೆಯ ಕೆಳಗಿನ ಕೋಣೆಯಲ್ಲಿ ಪಾಠ. ಮೊದಲ ವರ್ಷ ಇವರು ಆರು ವಾರದ ರಜೆ ಹಾಕಿ ಹೋದರೆ, ಆ ಗುರುಗಳು ಆರು ವಾರವೂ ಒಂದೇ ಹೆಜ್ಜೆ ಇಡಿಸಿದರಂತೆ. "ಮೋ ಇಕ್ಕಾಯಿ" ಎನ್ನುವುದು ಬಿಟ್ಟರೆ ಮಾತೇ ಇಲ್ಲವಂತೆ. ಇನ್ನೊಂದು ಸಲ ಎಂದು ಅದರ ಅರ್ಥ. ಇದನ್ನು ಅಂಕಲ್ ನಮಗೆ ಹೇಳುವಾಗ ಅವರ ಮುಖದಲ್ಲಿ ಎಂಥ ಸಂತೋಷ! ಅಷ್ಟೂ ವರ್ಷ ನಾದಿನಿಯರ ಮದುವೆಗೆ ಒಬ್ಬರೇ ಹೋಗಿ ಬಂದ ವಿಮಲಾ ಆಂಟಿಯ ಮುಖದಲ್ಲಿ ಅದು ಇರುತ್ತಿರಲಿಲ್ಲ.

ನಾನು ಆಗ ಮೆಲ್ಬರ್ನಿನದೇ ಪಾಯಿಂಟ್ ಕುಕ್‌ನಲ್ಲಿದ್ದೆ. ಕೂತು ಕೂತು ಬೆನ್ನುನೋವು ಬಂದಿತ್ತು, ಶುಗರ್ ಗಡಿಯಲ್ಲಿತ್ತು. ಆರು ತಿಂಗಳು ಕೈಕಾಲು ಆಡಿಸಿದರೆ ಆಯಿತು ಎಂದು ಸೇರಿದೆ. ಆರು ತಿಂಗಳು ಒಂಬತ್ತು ವರ್ಷವಾಯಿತು. ಪ್ರತಿ ಶನಿವಾರ ಐದಕ್ಕೆ ಎದ್ದು, ಫ್ರೀವೇ ಹಿಡಿದು, ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಕಾರು ಓಡಿಸಿದೆ. ಕಲಿತದ್ದೇನು ಎಂದು ಕೇಳಿದರೆ ನಾಚಿಕೆಯಾಗುತ್ತದೆ. ಮೊದಲ ಮೂರು ವರ್ಷ ಸಾಂಚಿನ್ ಎಂಬ ಒಂದೇ ಒಂದು ವರಸೆ. ಕಾಲನ್ನು ನೆಲಕ್ಕೆ ಸವರುತ್ತ ಮೂರು ಹೆಜ್ಜೆ ಮುಂದೆ, ತಿರುಗು, ಉಸಿರು ಬಿಡು. ಹಿಂದಿನಿಂದ ಅಂಕಲ್ ಬಂದು ಭುಜಕ್ಕೆ, ತೊಡೆಗೆ ಫಟ್ ಫಟ್ ಎಂದು ತಟ್ಟಿ ನೋಡುವರು. ಸಂತೆಯಲ್ಲಿ ಎತ್ತಿನ ಬೆನ್ನು ತಟ್ಟಿ ನೋಡುವವರ ಹಾಗೆ. ಆಮೇಲೆ ಒಂದೇ ಮಾತು:

"ಇನ್ನೊಂದ್ಸಲ."

ತಪ್ಪು ಏನು ಎಂದು ಹೇಳುವುದಿಲ್ಲ. ಸರಿಯಾಯಿತು ಎಂದೂ ಹೇಳುವುದಿಲ್ಲ. ನಾನು ಸೇರಿದ ವರ್ಷವೇ ಬೇರೆ ಕರಾಟೆ ಕ್ಲಾಸಿಗೆ ಸೇರಿದ್ದ ಆಫೀಸಿನ ಗೆಳೆಯನ ಮಗಳು ಅಷ್ಟರಲ್ಲಿ ಬ್ಲ್ಯಾಕ್ ಬೆಲ್ಟ್ ಪಡೆದು, ಕರಾಟೆ ಬಿಟ್ಟು, ಪಿಟೀಲು ಕಲಿತು, ಅದನ್ನೂ ಬಿಟ್ಟಿದ್ದಳು.

ಇನ್ನು ಜಾಡಿಗಳ ವಿಷಯ. ಒಕಿನಾವಾದಲ್ಲಿ ಹಿಡಿತ ಗಟ್ಟಿಯಾಗಲು ಮಣ್ಣಿನ ಜಾಡಿಯಲ್ಲಿ ಮರಳು ತುಂಬಿ, ಅದರ ಬಾಯಿಯ ಅಂಚನ್ನು ಬೆರಳ ತುದಿಯಲ್ಲಿ ಹಿಡಿದು, ಕೈಗೊಂದರಂತೆ ಹೊತ್ತು ನಡೆಯುತ್ತಾರೆ. ಅಂಕಲ್ ಇಲ್ಲಿ ಜಾಡಿ ಹುಡುಕಿದರು. ಎಲ್ಲಿ ಹುಡುಕುವುದು? ಆಂಟಿ ತವರಿನಿಂದ ಹೊತ್ತು ತಂದಿದ್ದ ನಾಲ್ಕು ಪಿಂಗಾಣಿ ಉಪ್ಪಿನಕಾಯಿ ಜಾಡಿಗಳು ಕಣ್ಣಿಗೆ ಬಿದ್ದವು. ಮರುದಿನ ಅವು ಗ್ಯಾರೇಜಿನಲ್ಲಿದ್ದವು. ನಾನು ನೋಡಿದಂತೆ ಆಂಟಿ ಕಾಫಿ ಕೊಡಲು ಗ್ಯಾರೇಜಿಗೆ ಬಂದಾಗಲೆಲ್ಲ ಆ ಕಡೆ ನೋಡಿ, "ನನ್ನ ಉಪ್ಪಿನಕಾಯಿ ಪ್ಲಾಸ್ಟಿಕ್ ಡಬ್ಬೀಲಿ ಬೂಸ್ಟು ಹಿಡೀತಿದೆ, ಇವರ ಮರಳು ಜಾಡೀಲಿ ರಾಜನ ಹಾಗೆ ಕೂತಿದೆ" ಎನ್ನುತ್ತಿದ್ದರು. ಅಂಕಲ್‌ಗೆ ಕೇಳಿಸುತ್ತಿರಲಿಲ್ಲ.

ಎಡಗಡೆಯ ಎರಡು ಅವರದು, ಬಲಗಡೆಯ ಎರಡು ನನ್ನದು. ಗ್ಯಾರೇಜಿನಲ್ಲಿ ಉಳಿದವರು ಬರುತ್ತಿದ್ದರು, ಹೋಗುತ್ತಿದ್ದರು. ಅಷ್ಟು ವರ್ಷ ನಿಂತವನು ನಾನೊಬ್ಬನೇ ಆದ್ದರಿಂದ ಆ ಗೌರವ ನನಗೆ. ಅವರ ಜಾಡಿಯನ್ನಾಗಲಿ, ಅದರ ಮುಚ್ಚಳವನ್ನಾಗಲಿ ಯಾರೂ ಮುಟ್ಟುವಂತಿಲ್ಲ. ತಿಂಗಳಿಗೊಮ್ಮೆ, ನಾವೆಲ್ಲ ಹೋದ ಮೇಲೆ, ಅವರೇ ನನ್ನ ಜಾಡಿಗಳಿಗೆ ಒಂದೊಂದು ಹಿಡಿ ಮರಳು ಹಾಕಿಡುತ್ತಿದ್ದರು. ಮುಂದಿನ ವಾರ ಎತ್ತಿದಾಗ ಬೆರಳಿಗೆ ಗೊತ್ತಾಗುತ್ತಿತ್ತು. ಸಂಕಟದಿಂದ ಅವರ ಮುಖ ನೋಡಿದರೆ, ಎಪ್ಪತ್ತು ದಾಟಿದ ಅವರು ತಮ್ಮ ಜಾಡಿಗಳನ್ನು ಹಿಡಿದು ನಿಧಾನವಾಗಿ, ತುಟಿ ಕಚ್ಚಿ, ಗ್ಯಾರೇಜಿನ ಉದ್ದಕ್ಕೂ ನಡೆಯುತ್ತಿರುತ್ತಿದ್ದರು. ಮನಸ್ಸಿನಲ್ಲೇ ಬೈದುಕೊಂಡು ನನ್ನ ಜಾಡಿಗಳನ್ನು ಎತ್ತುತ್ತಿದ್ದೆ.

ಹೋದ ವರ್ಷ ನನಗೆ ಸಿಡ್ನಿಯಲ್ಲಿ ಕೆಲಸ ಸಿಕ್ಕಿತು. ಮನಸ್ಸಿನಲ್ಲಿ ಒಂದೇ ಆಸೆ: ಹೊರಡುವ ಮೊದಲು ಬ್ಲ್ಯಾಕ್ ಬೆಲ್ಟ್ ಸಿಗಬೇಕು. ಒಂಬತ್ತು ವರ್ಷ ಏನು ಮಾಡಿದೆ ಎಂದು ನನಗೇ ಹೇಳಿಕೊಳ್ಳಲು ಒಂದು ಗುರುತಾದರೂ ಬೇಡವೇ? ನಾಚಿಕೆ ಬಿಟ್ಟು ಕೇಳಿದೆ. ಗ್ಯಾರೇಜಿನಲ್ಲಿ ಅವರು ನಮಗೆ ಸೆನ್ಸೆ, ಎಂದರೆ ಗುರುಗಳು.

"ಸೆನ್ಸೆ, ನಾನು ಸಿಡ್ನಿಗೆ ಹೋಗ್ತಿದೀನಿ. ಬೆಲ್ಟ್ ವಿಷಯ…"

"ಯಾಕಯ್ಯ, ಪ್ಯಾಂಟ್ ಜಾರ್ತಿದೆಯಾ?"

ಸುತ್ತಲಿದ್ದವರು ನಕ್ಕರು. ನನಗೆ ಅಲ್ಲೇ ಎದ್ದು ಹೋಗಿಬಿಡಬೇಕು ಎನಿಸಿತು. ಅವರು ಮಾತ್ರ ಶಾಂತವಾಗಿ, "ಹೋಗೋವಾಗ ನಿನ್ನ ಜಾಡಿ ತಗೊಂಡ್ಹೋಗು" ಎಂದರು.

ಒಂಬತ್ತು ವರ್ಷದ ಶನಿವಾರಗಳಿಗೆ ಬಹುಮಾನ, ಎರಡು ಜಾಡಿ ಮರಳು. ಹೊರಡುವ ದಿನ ಬೆಳಿಗ್ಗೆ ಅದನ್ನು ಒಯ್ಯಲು ಹೋದಾಗ ನನ್ನ ತಲೆ ಕಾದ ಹಂಚಾಗಿತ್ತು. ಯಾವುದು ಯಾರದು ಎಂದೂ ನೋಡದೆ, ಬಗ್ಗಿ, ಉಸಿರು ಬಿಗಿಹಿಡಿದು, ಎರಡು ಜಾಡಿಗಳ ಕುತ್ತಿಗೆಗೆ ಕೈಹಾಕಿ ಎತ್ತಿದೆ. ಎರಡೂ ಎದೆಯ ತನಕ ಹಾರಿ ಬಂದವು. ನಾನು ಹಿಂದಕ್ಕೆ ಮುಗ್ಗರಿಸಿದೆ. ಮುಚ್ಚಳವೊಂದು ಬಿದ್ದು ಚೂರಾಯಿತು. ಒಳಗೆ ನೋಡಿದರೆ ಏನೂ ಇಲ್ಲ. ಅವು ಎಡಗಡೆಯ ಜಾಡಿಗಳು.

ಸದ್ದು ಕೇಳಿ ಆಂಟಿ ಬಂದರು. ನನ್ನ ಕೈಯಲ್ಲಿದ್ದದ್ದನ್ನು ನೋಡಿ ತಗ್ಗಿದ ದನಿಯಲ್ಲಿ ಹೇಳಿದರು: "ಅವರಿಗೆ ಬೆರಳ ಗಂಟೆಲ್ಲ ಬಾತ್ಕೊಂಡಿದೆ ಕಣಪ್ಪ. ಮೂರು ವರ್ಷ ಆಯ್ತು. ತಮ್ಮದ್ರಿಂದ ಒಂದೊಂದು ಹಿಡಿ ತೆಗೆದು ನಿನ್ನ ಜಾಡಿಗೆ ಹಾಕ್ತಿದ್ರು. ಈಗೀಗ ಖಾಲಿ ಜಾಡಿ ಹಿಡ್ಕೊಂಡ್ ನಡೆಯೋದೇ ಕಷ್ಟ."

ಅಂದರೆ ಆ ತುಟಿ ಕಚ್ಚಿದ್ದು ನಾಟಕವಲ್ಲ. ಖಾಲಿ ಜಾಡಿಯೇ ಅವರಿಗೆ ಅಷ್ಟು ಭಾರವಾಗಿತ್ತು. ಇಷ್ಟು ವರ್ಷ ಅವರನ್ನು ಬೈದುಕೊಂಡು ಎತ್ತಿದ್ದು ಅವರದೇ ಮರಳನ್ನು ಎಂದು ತಿಳಿದಾಗ ನನಗೆ ತುಂಬ ಅವಮಾನವಾಯಿತು, ಅದಕ್ಕಿಂತ ಹೆಚ್ಚು ದುಃಖವಾಯಿತು. ಅಷ್ಟರಲ್ಲಿ ಅಂಕಲ್ ಬಾಗಿಲಿಗೆ ಬಂದು ನಿಂತಿದ್ದರು. ನಾನು ಏನೋ ಹೇಳಲು ಹೋದೆ.

"ಸುಮ್ನಿರು. ಮರಳು ವೇಸ್ಟ್ ಯಾಕೆ ಮಾಡೋದು ಅಂತ ಹಾಕ್ದೆ. ಮುಚ್ಚಳ ಒಡೆದ್ಯಲ್ಲ, ಅದನ್ನ ಗುಡಿಸು ಮೊದ್ಲು."

ಗುಡಿಸಿದೆ. ಹೇಳಿದ್ದರೆ ಈ ಮನುಷ್ಯನ ಗಂಟೇನು ಹೋಗುತ್ತಿತ್ತು ಎಂದು ಬೈದುಕೊಳ್ಳುತ್ತಲೇ ಸಿಡ್ನಿಯ ತನಕ ಕಾರು ಓಡಿಸಿದೆ. ಹಿಂದಿನ ಸೀಟಿನಲ್ಲಿ ನನ್ನ ಜಾಡಿಗಳಿಗೆ ಸೀಟ್ ಬೆಲ್ಟ್ ಹಾಕಿದ್ದೆ.

ಈಗ ಹೇಳಿ, ಈ ಉಪ್ಪಿನಕಾಯಿಯನ್ನು ನಾನು ಹೇಗೆ ತಿನ್ನಲಿ? ಬಾಟಲಿಯ ಜೊತೆ ಆಂಟಿಯ ಚೀಟಿಯೂ ಇತ್ತು: "ನನ್ನ ಎರಡು ಜಾಡಿ ವಾಪಸ್ ಬಂತು. ಅದರಲ್ಲೇ ಹಾಕಿದ್ದು." ಸುಮಾ ಅದನ್ನು ಓದಿ ಖುಷಿಪಟ್ಟಳು. ಅಂಕಲ್ ಖಾಲಿ ಜಾಡಿಯನ್ನೂ ಕೆಳಗಿಟ್ಟುಬಿಟ್ಟರು ಎಂದು ನನಗೆ ಮಾತ್ರ ಅರ್ಥವಾಯಿತು. ವಿಡಿಯೋ ಕಾಲ್ ಮಾಡಿದೆ. ಅವರ ಅರ್ಧ ಹಣೆ ಕಾಣಿಸಿತು.

"ಅಂಕಲ್, ಇದೇನು, ಬೆಲ್ಟ್‌ನ ಹೀಗೆ ಕಳಿಸೋದಾ?"

"ಬಾಟ್ಲಿ ಒಡೀತಾ?"

"ಇಲ್ಲ."

"ಮತ್ತೇನು?"

"ನೀವೇನು ಕಟ್ಕೋತೀರಿ?"

"ನನಗ್ಯಾಕಯ್ಯ? ಗಂಟು ಹಾಕಕ್ಕೆ ಬೆರಳು ಬಗ್ಗಲ್ಲ. ಪೈಜಾಮ ಲಾಡಿನೂ ವಿಮಲಾನೇ ಕಟ್ಟಿಕೊಡ್ತಾಳೆ." ನಾನು ಬೆಲ್ಟನ್ನು ಕೈಗೆತ್ತಿಕೊಂಡೆ. "ಏನ್ ನೋಡ್ತಿದೀಯ? ಕಟ್ಕೋ."

ಫೋನನ್ನು ಉಪ್ಪಿನಕಾಯಿ ಬಾಟಲಿಗೆ ಒರಗಿಸಿ, ಎಣ್ಣೆ ಕಲೆಯ ಬೆಲ್ಟನ್ನು ಟೀ ಶರ್ಟಿನ ಮೇಲೆಯೇ ಸೊಂಟಕ್ಕೆ ಸುತ್ತಿದೆ. ಸುಮಾ ಒಗ್ಗರಣೆ ಸೌಟು ಹಿಡಿದು ನೋಡುತ್ತಿದ್ದಳು. ಗಂಟು ಬಿಗಿದು ನಿಂತೆ.

ಅಂಕಲ್ ಕಣ್ಣನ್ನು ಫೋನಿಗೆ ಅಂಟಿಸಿ ನೋಡಿದರು.

"ಎಡಗಡೆ ಉದ್ದ ಆಯ್ತು. ಬಿಚ್ಚು. ಇನ್ನೊಂದ್ಸಲ."

ಬಿಚ್ಚಿ ಮತ್ತೆ ಕಟ್ಟಿದೆ. ಈ ಸಲ ಬೇಕೆಂದೇ ಎಡಗಡೆ ಉದ್ದ ಬಿಟ್ಟೆ.